ಗೆರೆಯ ಕೆಳಗೆ ಯಾರೂ ಇಲ್ಲ

"ಈ ಮುದಿಗೂಬೇನ ಇನ್ನೂ ಇಲ್ಲೇ ಇಟ್ಕೊಂಡಿದ್ದೀಯಲ್ಲೇ? ಎತ್ತು, ಎತ್ತಿ ಎಲ್ಲಾದ್ರೂ ಬಿಸಾಕು. ತಪಾಸಣೆ ಸಾಹೇಬರ ಕಾರು ಸೇತುವೆ ದಾಟಿ ಆಯ್ತು. ಇವಳು ನೋಡಿದ್ರೆ ಸಿಂಹಾಸನ ಹಾಕ್ಕೊಂಡು ಮಲಗಿದಾಳೆ."

ಬೀಗದಪ್ಪ ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ಅರಚುತ್ತಿದ್ದ. ಅವನು ಗೋದಾಮಿನ ಮೇಲ್ವಿಚಾರಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇದ್ದೀತು, ಸೊಂಟದಲ್ಲಿ ಕೀಲಿಗೊಂಚಲು ಕುಣಿಸಿಕೊಂಡು ಓಡಾಡುವವನಿಗೆ ನಮ್ಮ ಸಾಲಿನಲ್ಲಿ ಇದೇ ಹೆಸರು. ಹಳೇ ಗೋಣಿಚೀಲಗಳ ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದ ನನ್ನ ಅತ್ತೆ ಕತ್ತನ್ನು ಮಾತ್ರ ಅವನ ಕಡೆ ತಿರುಗಿಸಿದರು.

"ಸಿಂಹಾಸನವೇ ಕಣಪ್ಪಾ. ನಿಮ್ಮ ಧಣಿ ಸೊಂಟ ಮುರಿದು ಕೊಟ್ಟ ಬಹುಮಾನ. ನೀನೂ ಒಂದ್ಸಲ ಮಲಗಿ ನೋಡು, ಮೆತ್ತಗಿದೆ."

"ನೋಡೇ, ನಿನ್ನತ್ತೆ ಬಾಯಿಗೆ ಮಣ್ಣು ಹಾಕ್ಬೇಕು ಮೊದ್ಲು," ಎಂದು ನನ್ನ ಕಡೆ ತಿರುಗಿದ. "ಇವಳು ಸಾಹೇಬರ ಕಣ್ಣಿಗೆ ಬಿದ್ಲೋ, ನಾಳೆ ನಿಮ್ಮ ಸಾಲೇ ಬೀದೀಲಿ."

ಅತ್ತೆ ಮೂಟೆ ಹೊರುವ ಹೆಂಗಸಾಗಿದ್ದವರು. ಮೇಲಿನ ಮಹಡಿಯಲ್ಲಿ ಚಾವಣಿಯವರೆಗೆ ಪೇರಿಸಿದ ಮೂಟೆಗಳಲ್ಲಿ ಒಂದು ಜಾರಿ ಅವರ ಸೊಂಟದ ಮೇಲೆ ಬಿದ್ದಿತ್ತು. ಅವಳು ಅಲ್ಲಿ ನಿಂತಿರಬಾರದಿತ್ತು ಎಂದಿದ್ದರು ಧಣಿ, ಕನ್ನಡಕ ಒರೆಸುತ್ತಾ, ಬಹಳ ಮೆಲ್ಲಗೆ. ಧಣಿ ಯಾವತ್ತೂ ಗಟ್ಟಿಯಾಗಿ ಮಾತಾಡಿದವರಲ್ಲ. ಅಂದಿನಿಂದ ಅತ್ತೆಗೆ ಸೊಂಟದ ಕೆಳಗಿನದು ತಮ್ಮದಲ್ಲ. ಬಾಯಿ ಮಾತ್ರ ಮೊದಲಿಗಿಂತ ಎರಡು ಪಟ್ಟು ನಡೆಯುತ್ತಿತ್ತು.

ನಮ್ಮ ಗೋದಾಮು ಹೊಳೆಯಂಚಿನ ತಗ್ಗಿನಲ್ಲಿದೆ. ಮೇಲೆ ಒಂದೇ ದೊಡ್ಡ ಹಜಾರ, ಅದರ ತುಂಬ ಗೋಣಿಚೀಲದ ಮೂಟೆಗಳು. ಕೆಳಗೆ ಕಂಬಗಳು. ಕಂಬದಿಂದ ಕಂಬಕ್ಕೆ ಗೋಡೆ ಎತ್ತಿ, ಮುಂದೆ ಕಬ್ಬಿಣದ ಷಟರ್ ಇಳಿಬಿಟ್ಟು ಕೋಣೆ ಮಾಡಿದ್ದಾರೆ. ಹಿಂದೆ ಒಮ್ಮೆ ಹೊಳೆ ಉಕ್ಕಿ ಬಂದಾಗ ನೀರು ಎಲ್ಲಿಯವರೆಗೆ ನಿಂತಿತ್ತೋ ಅಲ್ಲಿಗೆ ಸರ್ಕಾರಿ ಕಚೇರಿಯವರು ಕಂಬಗಳ ಮೇಲೆ ನೀಲಿ ಗೆರೆ ಎಳೆದಿದ್ದರು. ಗೆರೆ ನನ್ನ ತಲೆಗಿಂತ ಒಂದು ಗೇಣು ಮೇಲೆ. ಅದರ ಕೆಳಗೆ ತಳ್ಳುಗಾಡಿ ನಿಲ್ಲಿಸಬಹುದು, ಹರಕು ಚೀಲ ಒಟ್ಟಬಹುದು, ಮನುಷ್ಯರು ಮಲಗಬಾರದು. ಆ ಮಾತಿನ ಮೇಲೆಯೇ ಧಣಿಗೆ ಕಟ್ಟಡದ ಪರವಾನಗಿ ಸಿಕ್ಕಿದ್ದು. ಗೆರೆಯ ಮೇಲೆ ಮೂಟೆಗಳು ಬೆಚ್ಚಗಿದ್ದವು, ಕೆಳಗೆ ನಾವಿದ್ದೆವು.

ತಪಾಸಣೆಯ ದಿನ ನಾವು ಇರುತ್ತಿರಲಿಲ್ಲ. ಇಲ್ಲವಾಗುವುದು ನಮಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಪಾತ್ರೆ ಪಡಗ ಚೀಲದೊಳಗೆ ಹೋಗಬೇಕು. ಒಲೆಯ ಬೂದಿ ಬಳಿದು ಹೊಳೆಗೆ ಹಾಕಬೇಕು. ಹೊಗೆ ಹಿಡಿದ ಗೋಡೆಗೆ ಒಂದು ಕೈ ಸುಣ್ಣ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಆ ಮೊಳೆಗೆ ಬೀಗದಪ್ಪ ತರುವ ಬೋರ್ಡು ನೇತುಹಾಕಬೇಕು. ಬಾಗಿಲ ಹಲಗೆಯಷ್ಟು ದೊಡ್ಡ ಬೋರ್ಡು, ಸುತ್ತ ಮರದ ಚೌಕಟ್ಟು. ಅದರ ಮೇಲೆ ಕೆಂಪಗೆ 'ಈ ಗೆರೆಯ ಕೆಳಗೆ ವಾಸ ನಿಷಿದ್ಧ' ಎಂದು ಬರೆದಿತ್ತು. ಸಾಹೇಬರು ಹೋದ ಮೇಲೆ ಬೋರ್ಡು ಇಳಿಯುತ್ತಿತ್ತು, ಹಗ್ಗ ಏರುತ್ತಿತ್ತು, ನಾವು ಮತ್ತೆ ಹುಟ್ಟಿಕೊಳ್ಳುತ್ತಿದ್ದೆವು.

ಬೇರೆ ಸಲವೆಲ್ಲ ಅತ್ತೆಯನ್ನು ನನ್ನ ಗಂಡ ಬೆನ್ನ ಮೇಲೆ ಹೊತ್ತು ರಸ್ತೆಯಾಚೆಯ ಟೀ ಅಂಗಡಿಯ ಹಿಂದೆ ಮಲಗಿಸಿ ಬರುತ್ತಿದ್ದ. ಅವನು ಇದೇ ಗೋದಾಮಿನ ಹಮಾಲಿ, ಮೂಟೆಯೂ ತಾಯಿಯೂ ಅವನ ಬೆನ್ನಿಗೆ ಒಂದೇ. ಈ ಸಲ ಹಿಂದಿನ ದಿನದಿಂದಲೇ ಮಳೆ ಬಿಟ್ಟಿರಲಿಲ್ಲ. ರಸ್ತೆಯ ತಗ್ಗಿನಲ್ಲಿ ಮೊಣಕಾಲುದ್ದ ನೀರಿತ್ತು, ಟೀ ಅಂಗಡಿ ಮುಚ್ಚಿತ್ತು. ಸಾಲಿನ ಮಕ್ಕಳನ್ನೆಲ್ಲ ಬೆಳಿಗ್ಗೆಯೇ ದಿಬ್ಬದ ಮೇಲಿನ ಶಾಲೆಗೆ ಅಟ್ಟಿದ್ದೆವು. ಅತ್ತೆಯನ್ನು ಎಲ್ಲಿಗೆ ಅಟ್ಟುವುದು?

"ಮೂಟೆ ಹಿಂದೆ ಹಾಕು," ಅಂದ ಬೀಗದಪ್ಪ. "ಮೂಟೆ ಇಟ್ಟು ಗೋಡೆ ಕಟ್ಟಿಬಿಡಿ. ಉಸಿರು ಬಿಡ್ಬಾರ್ದು ಅಂತ ಹೇಳು."

"ಮೂಟೆ ಬಿದ್ದೇ ಹಿಂಗಾದೆ, ಈಗ ಮೂಟೆ ಹಿಂದೇನೇ ಹೂಳ್ತೀರಾ," ಎಂದರು ಅತ್ತೆ. ಆದರೆ ಅವರ ಕೈ ನನ್ನ ಸೆರಗನ್ನು ಹಿಡಿದುಕೊಂಡಿತ್ತು. ಬಾಯಿ ಏನೇ ಹೇಳಲಿ, ಆ ಕೈ ತಣ್ಣಗಿತ್ತು. ನಾನೂ ಹೆದರಿದ್ದೆ. ಸಾಹೇಬರಿಗೆ ಹೆದರಿದೆನೋ, ಬೀಗದಪ್ಪನಿಗೋ, ಮಳೆಗೋ, ಬೇರೆ ಮಾಡಿ ಹೇಳಲು ಆಗುವುದಿಲ್ಲ.

ಮೇಲಿನಿಂದ ಹೊಸ ಮೂಟೆಗಳನ್ನು ಇಳಿಸಿ ಗಂಡಸರು ಅತ್ತೆಯ ಮುಂದೆ ಪೇರಿಸಿದರು. ಕೊನೆಯ ಮೂಟೆ ಇಡುವಾಗ ನನ್ನ ಗಂಡ ಒಂದು ಗಳಿಗೆ ತಡೆದ.

"ಅವ್ವಾ, ಕೆಮ್ಮು ಬಂದ್ರೆ ಬಾಯಿಗೆ ಬಟ್ಟೆ ಇಟ್ಕೊ."

"ನೀನು ಮೊದ್ಲು ನಿನ್ನ ಬಾಯಿಗೆ ನಾಲಿಗೆ ಇಟ್ಕೊ," ಎಂದಿತು ಮೂಟೆಗಳ ಹಿಂದಿನ ದನಿ.

ಸಾಹೇಬರು ಕೊಡೆ ಹಿಡಿದುಕೊಂಡು, ಪ್ಯಾಂಟು ಮಡಿಸಿಕೊಂಡು ಬಂದರು. ಅಂಥ ವಯಸ್ಸಾಗಿರಲಿಲ್ಲ. ಸರ್ಕಾರದ ಕಟ್ಟಡ ಇಂಜಿನಿಯರು. ಹಿಂದೆ ಧಣಿ, ಧಣಿಯ ಹಿಂದೆ ಕೀಲಿಗೊಂಚಲು. ಬೇರೆ ಷಟರ್‌ಗಳಿಗೆಲ್ಲ ಬೀಗ ಬಿದ್ದಿತ್ತು, ಒಳಗೆ ನಮ್ಮವರ ಗಂಟುಮೂಟೆಗಳಿದ್ದವು. ನಮ್ಮ ಕೋಣೆಯೊಂದನ್ನು ಮಾದರಿಗೆಂದು ತೆರೆದಿಟ್ಟಿದ್ದರು, ಮೂಟೆ ಜೋಡಿಸಿದ್ದರಿಂದ ಅದೊಂದೇ ನಿಜವಾದ ಉಗ್ರಾಣದ ಹಾಗೆ ಕಾಣುತ್ತಿತ್ತು. ನಾನು ದಬ್ಬಳ, ಹುರಿ ಹಿಡಿದು ಹರಕು ಚೀಲ ಹೊಲಿಯುತ್ತಾ ಕೂತಿರಬೇಕೆಂದು ಆಜ್ಞೆಯಾಗಿತ್ತು. ಅದು ನನ್ನ ದಿನದ ಕೆಲಸವೇ. ಆದರೂ ಅವತ್ತು ದಬ್ಬಳ ಎರಡು ಸಲ ಬೆರಳಿಗೇ ಹೋಯಿತು.

ಅವರು ಬೋರ್ಡು ನೋಡಿದರು, ಗೆರೆ ನೋಡಿದರು. ಆಮೇಲೆ ಗೋಡೆಯ ಬುಡ ನೋಡಿ ನಿಂತರು.

"ಇದೇನಿದು?"

ನಮ್ಮ ಕೋಣೆಗಳಿಗೆ ಮುಂದೆ ಷಟರ್ ಪಕ್ಕದ ಗೋಡೆಯಲ್ಲೂ ಹಿಂದಿನ ಗೋಡೆಯಲ್ಲೂ, ಪಾದದ ಎತ್ತರದಲ್ಲಿ, ಎರಡು ಇಟ್ಟಿಗೆಯಷ್ಟು ಅಗಲದ ಕಂಡಿಗಳಿವೆ. ಕಟ್ಟಿದವರು ಯಾಕೆ ಬಿಟ್ಟರೋ ನಮಗೆ ತಿಳಿಯದು. ಗಾರೆಯವನು ಇಟ್ಟಿಗೆ ಕದ್ದು ಮಾರಿಕೊಂಡಿರಬೇಕು ಎಂದು ಅತ್ತೆ ಹೇಳುತ್ತಿದ್ದರು. ಆ ಕಂಡಿಗಳಿಂದ ಇಲಿ ಬರುತ್ತಿತ್ತು. ಒಂದು ರಾತ್ರಿ ಇಲಿ ಅತ್ತೆಯ ಕಾಲ್ಬೆರಳನ್ನು ತಿಂದುಹಾಕಿತ್ತು, ಜೀವವಿಲ್ಲದ ಕಾಲು, ಅವರಿಗೆ ಗೊತ್ತೇ ಆಗಿರಲಿಲ್ಲ. ಬೆಳಿಗ್ಗೆ ರಕ್ತ ನೋಡಿ ನಾನು ಅತ್ತಿದ್ದೆ. ಅವತ್ತೇ ಹರಕು ಚೀಲದ ಪದರ ಕೂಡಿಸಿ, ಒಳಗೆ ತೆಂಗಿನ ನಾರಿನ ಹೊಟ್ಟು ಗಿಡಿದು, ಬಿರಡೆ ಹೊಲಿದೆ. ನಡು ಸಣ್ಣ, ಎರಡು ತುದಿ ದಪ್ಪ, ಒಳಗಿನಿಂದ ನೂಕಿದರೂ ಹೊರಗಿನಿಂದ ಎಳೆದರೂ ಬರಬಾರದು. ಅಕ್ಕಪಕ್ಕದವರು ನಮಗೂ ಒಂದು, ನಮಗೂ ಒಂದು ಅಂದರು. ಸಾಲಿನ ಎಲ್ಲ ಕಂಡಿಗಳಿಗೂ ಹೊಲಿದುಕೊಟ್ಟೆ. ಗಟ್ಟಿ ಕೆಲಸ ಎಂದು ಎಲ್ಲರೂ ಹೊಗಳಿದ್ದರು, ನನಗೂ ಹೆಮ್ಮೆಯೇ ಇತ್ತು.

"ಇಲಿ ಕಾಟ ಸರ್," ಎಂದು ಬೀಗದಪ್ಪ ಹಲ್ಲುಕಿರಿದ. "ಸರಕು ಹಾಳಾಗುತ್ತೆ ನೋಡಿ."

"ತೆಗೀರಿ ಇದನ್ನ."

ಬೀಗದಪ್ಪ ಬಗ್ಗಿ ಎಳೆದ. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದ. ಬಿರಡೆ ಬಂತು, ಅದರ ಜೊತೆ ಅವನೂ ಹಿಂದಕ್ಕೆ ಕುಂಡಿ ಊರಿ ಕೂತ. ಮೂಟೆಗಳ ಹಿಂದೆ ಒಂದು ಸಣ್ಣ ಸದ್ದಾಯಿತು. ನಗೆಯೋ ಕೆಮ್ಮೋ ತಿಳಿಯಲಿಲ್ಲ. ಬೀಗದಪ್ಪ ಎದ್ದವನೇ ತಾನೂ ಕೆಮ್ಮತೊಡಗಿದ, ಬಿಡದೆ ಕೆಮ್ಮಿದ, ಕ್ಷಯ ಹತ್ತಿದವನ ಹಾಗೆ. ಸಾಹೇಬರು ಬಿರಡೆಯನ್ನು ತಿರುಗಿಸಿ ನೋಡುತ್ತಿದ್ದರು.

"ಯಾರು ಹೊಲಿದದ್ದು?"

"ನಾನೇ ಸ್ವಾಮಿ."

"ಚೆನ್ನಾಗಿ ಹೊಲಿದಿದ್ದೀಯಮ್ಮ. ಆದ್ರೆ ಇದು ಗೋಡೆಯ ಕತ್ತು ಹಿಸುಕೋ ಕೆಲಸ." ಅವರು ಕಂಡಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಬೆರಳಿಟ್ಟು ತೋರಿಸಿದರು. "ಈ ಕಂಡಿ ಗಾಳಿಗೆ ಬಿಟ್ಟಿದ್ದಲ್ಲ, ನೀರಿಗೆ. ಹೊಳೆ ಬಂದಾಗ ನೀರು ಈ ಕಡೆ ನುಗ್ಗಿ ಆ ಕಡೆ ಹೋಗ್ಬೇಕು. ಒಳಗೂ ಹೊರಗೂ ಒಂದೇ ಮಟ್ಟ ಇದ್ರೆ ಗೋಡೆಗೆ ಭಾರ ಇಲ್ಲ. ಹೊರಗೆ ಮಾತ್ರ ನಿಂತ್ರೆ ಗೋಡೇನ ಒಳಕ್ಕೆ ತಳ್ಳುತ್ತೆ. ಇಲ್ಲಿ ಗೋಡೇನ ಕಂಬಕ್ಕೆ ಬಿಗಿದು ಕಟ್ಟಿದ್ದಾರೆ, ಹೋಗೋವಾಗ ಕಂಬಾನೂ ಎಳ್ಕೊಂಡು ಹೋಗುತ್ತೆ. ಆಮೇಲೆ ಮೇಲಿನ ಮಹಡಿ ಎಲ್ಲಿ ನಿಲ್ಲುತ್ತೆ?"

"ಇವತ್ತೇ ಎಲ್ಲಾ ತೆಗೆಸ್ತೀವಿ," ಎಂದರು ಧಣಿ, ಮೆಲ್ಲಗೆ.

ಸಾಹೇಬರು ಎದ್ದು ಮೂಗು ಅರಳಿಸಿದರು. ಎಷ್ಟು ಸುಣ್ಣ ಬಳಿದರೂ ಒಲೆಯ ವಾಸನೆ ಗೋಡೆ ಬಿಟ್ಟು ಹೋಗುವುದಿಲ್ಲ. ಅವರ ಕಣ್ಣು ಮೂಟೆಗಳ ಮೇಲೆ ಆಡಿತು, ಕೊನೆಗೆ ನನ್ನ ಮೇಲೆ ನಿಂತಿತು.

"ಇಲ್ಲಿ ಯಾರಾದ್ರೂ ವಾಸ ಇದ್ದೀರೇನಮ್ಮಾ?"

ಧಣಿ ಕನ್ನಡಕ ಒರೆಸುತ್ತಿದ್ದರು. ಬೀಗದಪ್ಪ ಅವರ ಬೆನ್ನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದ. ಮಹಡಿ ಮೆಟ್ಟಿಲ ಕೆಳಗೆ ನಮ್ಮ ಸಾಲಿನ ಹೆಂಗಸರು ದಿನಗೂಲಿಗೆ ಬಂದವರ ಹಾಗೆ ಸಾಲಾಗಿ ನಿಂತಿದ್ದರು, ಅವರೂ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಸ್ವಾಮಿ," ಅಂದೆ. "ಇಲ್ಲಿ ಬರೀ ಮೂಟೆ."

ಅವರಿಗೆ ಗೊತ್ತಾಯಿತು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಮಳೆ ಜೋರಾಯಿತು, ಧಣಿ ಮೇಲೆ ಬಿಸಿ ಚಹಾ ಇದೆ ಅಂದರು. ಎಲ್ಲರೂ ಮೆಟ್ಟಿಲು ಹತ್ತಿದರು.

ಬೀಗದಪ್ಪ ಹಿಂದೆ ಉಳಿದ. ಕಿತ್ತ ಬಿರಡೆಯನ್ನು ಕಂಡಿಗೆ ತುರುಕಿ ಹಿಮ್ಮಡಿಯಿಂದ ಒದ್ದು ಕೂರಿಸಿದ.

"ಅಯ್ಯೋ, ತೆಗೀರಿ ಅಂದ್ರಲ್ಲ ಅವರು," ಅಂದೆ.

"ಒಳಗಿರೋದು ಹೊಸ ಮೂಟೆ ಕಣೇ. ನೀರು ಬಂದ್ರೆ ನಿಮ್ಮಪ್ಪ ಕೊಡ್ತಾನಾ?" ಎಂದು ನನ್ನ ರಟ್ಟೆ ಹಿಡಿದು ಹೊರಗೆ ಎಳೆದ. ಷಟರ್ ದಡದಡನೆ ಇಳಿಸಿ, ಅದರ ಅಡಿಯ ಸಂದಿಗೂ ಹರಕು ಚೀಲ ತುರುಕಿದ. ಬೀಗ ಬಿತ್ತು.

"ಅತ್ತೆ ಒಳಗಿದ್ದಾರೆ."

"ಇರ್ಲಿ. ಸಾಹೇಬ್ರು ಹೋದ್ಮೇಲೆ ತೆಗೀತೀನಿ. ಅಷ್ಟರಲ್ಲಿ ಯಾರು ಕದ್ಕೊಂಡು ಹೋಗ್ತಾರೆ ಆ ಆಸ್ತೀನ?"

ಹೊಳೆ ಹೊಳೆಯ ಕಡೆಯಿಂದ ಬರುತ್ತದೆ ಅಂತ ನಾವು ಆ ಕಡೆಯೇ ನೋಡುತ್ತಿದ್ದೆವು. ಅದು ಚರಂಡಿಯಲ್ಲಿ ಬಂತು. ಅಂಗಳದ ಚರಂಡಿ ಮೊದಲು ಗುಳುಗುಳು ಅಂದಿತು, ಆಮೇಲೆ ಹಿಂದಕ್ಕೆ ಹರಿಯತೊಡಗಿತು. ಕಂದು ನೀರು, ಮೇಲೆ ಎಣ್ಣೆಯ ಬಣ್ಣ. ನೋಡನೋಡುತ್ತಿದ್ದಂತೆ ಅಂಗಳ ತುಂಬಿ ನನ್ನ ಪಾದ ಮುಳುಗಿತು. ನಾನು ಷಟರ್‌ಗೆ ಬಾಯಿಟ್ಟು ಕೂಗಿದೆ.

"ಅತ್ತೇ, ನೀರು ಬರ್ತಿದೆ. ಒಳಗೆ ಬಂತಾ?"

"ಎಲ್ಲೇ ಬರುತ್ತೆ, ನೀನು ಹೊಲಿದಿದ್ದೀಯಲ್ಲ. ಒಂದು ತೊಟ್ಟಿಲ್ಲ. ಹೊರಗಡೆ ಎಷ್ಟಿದೆ?"

"ಪಾದ ಮುಳುಗಿದೆ."

ಅವರು ಸುಮ್ಮನಾದರು. ಸಾಹೇಬರ ಮಾತನ್ನು ಮೂಟೆಗಳ ಹಿಂದಿನಿಂದ ಅವರೂ ಕೇಳಿಸಿಕೊಂಡಿದ್ದರು. ಅವರ ಮೌನ ಕೇಳಿ ನನಗೆ ಇನ್ನೂ ಭಯವಾಯಿತು, ಯಾಕೆಂದರೆ ಆ ಹೆಂಗಸು ಸುಮ್ಮನಿದ್ದದ್ದನ್ನು ನಾನು ಕಂಡವಳೇ ಅಲ್ಲ.

ಮೆಟ್ಟಿಲ ಹತ್ತಿರ ಓಡಿದೆ. ಮೂಲೆ ಕೋಣೆಯ ಅಕ್ಕ ಅಡ್ಡ ನಿಂತಳು.

"ಎಲ್ಲಿಗೆ?"

"ಬೀಗ ತೆಗೆಸ್ಬೇಕು."

"ಸಾಹೇಬ್ರ ಮುಂದೆ? ತಲೆ ಕೆಟ್ಟಿದ್ಯಾ ನಿಂಗೆ? ನಿನ್ನತ್ತೆ ಒಬ್ಬಳಿಗೋಸ್ಕರ ಇಷ್ಟೂ ಸಂಸಾರ ಬೀದಿಗೆ ಬೀಳ್ಬೇಕಾ?" ಅವಳು ಕೆಟ್ಟವಳಲ್ಲ. ನನ್ನ ಅತ್ತೆಯ ಬೆರಳಿಗೆ ಅರಿಶಿನ ಅರೆದು ಕಟ್ಟಿದವಳು ಅವಳೇ. "ಸ್ವಲ್ಪ ತಡ್ಕೊಳ್ಳೇ. ಚಹಾ ಕುಡಿದು ಹೋಗ್ತಾರೆ. ಹೋಗೇ ಹೋಗ್ತಾರೆ."

"ನೀರು ಚಹಾ ಕುಡಿಯೋವರೆಗೂ ಕಾಯುತ್ತಾ?"

ನನ್ನ ಗಂಡ ಮೆಟ್ಟಿಲ ಅರ್ಧದಲ್ಲಿ ಇನ್ನೊಂದು ಮೂಟೆಗೆ ಹೆಗಲು ಕೊಡುತ್ತಿದ್ದ. ಅಂಗಳದಲ್ಲಿ ಉಳಿದದ್ದನ್ನೂ ಮೇಲೆ ಸಾಗಿಸಿ ಎಂದು ಧಣಿಯ ಅಪ್ಪಣೆಯಾಗಿತ್ತು. ನಾನು ಹೇಳಿದ್ದನ್ನು ಕೇಳಿ ಅವನ ಮುಖ ಬಿಳಿಚಿಕೊಂಡಿತು. ಆದರೂ ಮೂಟೆ ಇಳಿಸಲಿಲ್ಲ.

"ಬೀಗದಪ್ಪನ್ನ ಕೇಳು. ಮೆಲ್ಲಗೆ ಕೇಳು," ಅಂದ. ಮೂಟೆ ಹೊತ್ತವನ ಮುಖ ನೆಲ ನೋಡುತ್ತಿರುತ್ತದೆ. ಇವನಿಗೆ ಹೊರೆ ಇಳಿದ ಮೇಲೂ ಅದೇ ಅಭ್ಯಾಸ.

ಮೇಲಿನ ಹಜಾರಕ್ಕೆ ಹೆಂಗಸರು ಹೋಗುವ ಹಾಗಿರಲಿಲ್ಲ, ಕೆಲಸದ ಹೊತ್ತು ಬಿಟ್ಟು. ಬಾಗಿಲಲ್ಲೇ ನಿಂತು ಬೀಗದಪ್ಪನಿಗೆ ಕೈಸನ್ನೆ ಮಾಡಿದೆ. ಅವನು ಬರಲಿಲ್ಲ, ಧಣಿಯೇ ಎದ್ದು ಬಂದರು. ಅವರ ಬೆನ್ನ ಹಿಂದೆ ಮೇಜು, ಚಹಾದ ಲೋಟ, ಬಗ್ಗಿ ಏನೋ ಬರೆಯುತ್ತಿದ್ದ ಸಾಹೇಬರು. ಸುತ್ತ ಮೂಟೆಗಳ ಮೇಲೆ ಟಾರ್ಪಾಲು ಹೊದಿಸಿದ್ದರು, ಚಳಿಯಾಗಬಾರದೆಂಬ ಹಾಗೆ.

"ಏನು?"

"ಬೀಗ ತೆಗೆಸಿ ಧಣಿ. ಅತ್ತೆ ಕೆಳಗಿದ್ದಾರೆ. ನೀರು ಏರ್ತಿದೆ."

"ಕೆಳಗೆ ಯಾರೂ ಇಲ್ವಲ್ಲ," ಎಂದರು ಧಣಿ, ಕನ್ನಡಕ ತೆಗೆದು, ಪಿಸುದನಿಯಲ್ಲಿ. "ಈಗ ತಾನೇ ನೀನೇ ಸಾಹೇಬರಿಗೆ ಹೇಳಿದ್ದು. ಅವರು ಅದನ್ನೇ ಬರೀತಿದ್ದಾರೆ. ನೀನು ಸುಳ್ಳು ಹೇಳಿದೆ ಅಂತ ಹೇಳ್ಲಾ? ಹೋಗು, ಕಾಲಲ್ಲಿ ಕೆಸರಿದೆ."

ನಾನು ಇಳಿದೆ. ಯಾಕೆ ಇಳಿದೆ ಎಂದು ಕೇಳಿದರೆ, ಹುಟ್ಟಿದಾಗಿನಿಂದ ಹೋಗು ಅಂದಾಗ ಹೋಗಿ ರೂಢಿ. ನನ್ನ ಕಾಲು ನನ್ನನ್ನು ಕೇಳಲಿಲ್ಲ.

ನೀರು ಮೊಣಕಾಲು ಮುಟ್ಟಿತ್ತು. ನಮ್ಮ ಕೋಣೆಯ ಮುಂದಿನ ಕಂಡಿ ಆಗಲೇ ಮುಳುಗಿತ್ತು. ಷಟರ್‌ಗೆ ಕಿವಿಯಿಟ್ಟೆ. ಟಿಕ್, ಟಿಕ್ ಅನ್ನುವ ಸದ್ದು ಬರುತ್ತಿತ್ತು, ಹಲ್ಲಿ ಲೊಚಗುಟ್ಟುವ ಹಾಗೆ.

"ಅತ್ತೇ, ಏನದು ಸದ್ದು?"

"ಗೋಡೆ ಕಣೇ. ಬೆವರ್ತಾ ಇದೆ. ನಿನ್ನ ಸುಣ್ಣ ಎಲ್ಲ ಚಕ್ಕೆ ಏಳ್ತಿದೆ." ದನಿ ಸಣ್ಣದಾಗಿತ್ತು. "ನಂಗೆ ಹೆದರಿಕೆ ಆಗ್ತಿದೆ ಮಗಳೇ."

ಅವರು ನನ್ನನ್ನು ಬೋಳಿ ಅಂದಿದ್ದಾರೆ, ಮುಂಡೇದೆ ಅಂದಿದ್ದಾರೆ, ದರಿದ್ರ ಕಾಲ್ಗುಣದವಳು ಅಂದಿದ್ದಾರೆ. ಮಗಳೇ ಅಂದದ್ದು ಅವತ್ತೇ ಮೊದಲು.

"ಬಿರಡೆ ಕೀಳ್ತೀನಿ. ಆದ್ರೆ ನೀರು ನಿಮ್ಮ ಮೈಮೇಲೇ ಬರುತ್ತೆ ಅತ್ತೆ. ಎದ್ದೇಳೋಕಾಗಲ್ಲ ನಿಮಗೆ."

"ಗೋಡೆ ಬರೋದಕ್ಕಿಂತ ನೀರು ಬರೋದು ವಾಸಿ. ಕೀಳು. ಮೂಟೆ ಮೇಲೆ ಕೈ ಊರಿ ಹೆಂಗೋ ತಲೆ ಎತ್ಕೋತೀನಿ."

ನೀರಿನೊಳಗೆ ಕೂತು ಕೈಯಾಡಿಸಿ ಬಿರಡೆ ಹುಡುಕಿದೆ. ಸಿಕ್ಕಿತು. ಎಳೆದೆ. ಒಳಗಿದ್ದ ನಾರಿನ ಹೊಟ್ಟು ನೀರು ಕುಡಿದು ಉಬ್ಬಿ ಕಲ್ಲಾಗಿತ್ತು. ಗೋಡೆಗೆ ಕಾಲು ಕೊಟ್ಟು ಎಳೆದೆ, ಉಗುರು ಕಿತ್ತು ಬಂತು, ಬಿರಡೆ ಬರಲಿಲ್ಲ. ನನ್ನದೇ ಹೊಲಿಗೆ, ಒಂದು ಎಳೆಯೂ ಬಿಡಲಿಲ್ಲ. ಗಟ್ಟಿ ಕೆಲಸ ಮಾಡಿದ ಕೈಯನ್ನು ಕಡಿದು ಹಾಕಬೇಕು ಅನಿಸಿತು.

ಎದ್ದೆ. ಮೆಟ್ಟಿಲ ಮೇಲೆ ನನ್ನ ಗಂಡ ಮತ್ತೊಂದು ಮೂಟೆಯ ಕೆಳಗಿದ್ದ. ಅವನ ಸೊಂಟಕ್ಕೆ ಸಿಕ್ಕಿಸಿದ್ದ ಮೂಟೆ ಎತ್ತುವ ಕಬ್ಬಿಣದ ಕೊಕ್ಕೆಯನ್ನು ಎಳೆದುಕೊಂಡೆ.

"ಏನ್ ಮಾಡ್ತೀಯ?" ಅಂದ.

"ನಿಮ್ಮವ್ವ ನನ್ನ ಮಗಳೇ ಅಂತ ಕರೆದ್ರು," ಅಂದೆ.

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಅವನಿಗೂ ಅವನ ತಾಯಿ ಗೊತ್ತು. ಹೆಗಲು ಕೊಡವಿದ, ಮೂಟೆ ಮೆಟ್ಟಿಲುಗಳ ಮೇಲೆ ಉರುಳುತ್ತಾ ಹೋಗಿ ನೀರಿಗೆ ಬಿತ್ತು. ಮೇಲಿನಿಂದ ಬೀಗದಪ್ಪ, "ಯಾವನೋ ಅವನು, ಹಲ್ಕಾ ನನ್ಮಗನೇ, ಮೂಟೆ ಕಣೋ," ಎಂದು ಕೂಗಿದ. ನಾವು ತಿರುಗಿ ನೋಡಲಿಲ್ಲ.

ಕೊಕ್ಕೆಯನ್ನು ಬಿರಡೆಗೆ ಚುಚ್ಚಿ ಇಬ್ಬರೂ ಜಗ್ಗಿದೆವು. ಅದು ಬರುವುದಕ್ಕೂ ನೀರು ಕಂಡಿಯೊಳಗೆ ಸೊರ್ರನೆ ನುಗ್ಗುವುದಕ್ಕೂ ಸರಿಹೋಯಿತು. ಒಳಗೆ ಅತ್ತೆ ಕಿರುಚಿದರು. ಆ ಕೂಗನ್ನು ನಾನು ಮರೆಯಲಾರೆ, ಯಾಕೆಂದರೆ ಆ ನೀರನ್ನು ಅವರ ಮೇಲೆ ಬಿಟ್ಟವಳು ನಾನೇ. ಗಂಡ ಕೊಕ್ಕೆಯನ್ನು ಬೀಗಕ್ಕೆ ಹಾಕಿ ತಿರುಚಿದ. ಒಮ್ಮೆ, ಇನ್ನೊಮ್ಮೆ. ಬೀಗ ಮುರಿಯಲಿಲ್ಲ, ಅದರ ಕೊಂಡಿ ಗೋಡೆಯಿಂದ ಕಿತ್ತು ಬಂತು. ಷಟರ್ ಅರ್ಧ ಏರಿ ಸಿಕ್ಕಿಕೊಂಡಿತು. ಯಾರೋ ನನ್ನ ಪಕ್ಕದಲ್ಲಿ ಕೈಕೊಟ್ಟು ಮೇಲೆ ನೂಕಿದರು. ನೋಡಿದರೆ ಮೂಲೆ ಕೋಣೆಯ ಅಕ್ಕ. ಬಾಯಲ್ಲಿ ನನ್ನನ್ನು ಬೈಯುತ್ತಲೇ ಇದ್ದಳು, ಕೈ ಮಾತ್ರ ಬಿಡಲಿಲ್ಲ.

ಒಳಗೆ ಮೂಟೆಗಳು ನೆನೆದು ವಾಲಿದ್ದವು. ಅವುಗಳ ಹಿಂದೆ ಅತ್ತೆಯ ಮುಖ ಮಾತ್ರ ನೀರಿನ ಮೇಲಿತ್ತು, ಗಲ್ಲ ಎತ್ತಿ, ಎರಡು ಕೈಯಲ್ಲೂ ಮೂಟೆಯ ಕಿವಿ ಹಿಡಿದುಕೊಂಡಿದ್ದರು. ವಾಲಿದ ಮೂಟೆ ಸೊಂಟಕ್ಕೆ ಒತ್ತಿತ್ತು, ಈ ಸಲ ಬೆನ್ನ ಮೇಲೆ ಹೊರುವ ಹಾಗಿರಲಿಲ್ಲ, ಸೊಂಟ ಹಿಡಿದರೆ ಜೀವ ಹೋಗುವ ಹಾಗೆ ಚೀರುತ್ತಿದ್ದರು. ಮಲಗಿಸಿಕೊಂಡೇ ಒಯ್ಯಬೇಕಿತ್ತು. ಏನಾದರೂ ಹಲಗೆ ಬೇಕೆಂದು ಸುತ್ತ ನೋಡಿದೆ. ನಮ್ಮ ಬಟ್ಟೆಹಗ್ಗದ ಮೊಳೆಯಲ್ಲಿ ಬೋರ್ಡು ತೂಗುತ್ತಿತ್ತು. ಗಂಡ ಅದನ್ನು ಕಿತ್ತ. ನೀರೊಳಗೆ ಅವರ ಅಡಿಗೆ ತೂರಿಸಿದೆವು. ಚೌಕಟ್ಟಿನ ನಾಲ್ಕು ಮೂಲೆಗೂ ಸಾಲಿನವರ ಕೈ ಬಿತ್ತು. ಹೊರಬರುವ ಮೊದಲು ಒಳಗಿನಿಂದಲೇ ಹಿಂಬದಿಯ ಕಂಡಿಯ ಬಿರಡೆಗೂ ಕೊಕ್ಕೆ ಹಾಕಿ ಎಳೆದೆ. ನಮ್ಮ ಕೋಣೆಯ ಟಿಕ್ ಟಿಕ್ ನಿಂತಿತು. ಆದರೆ ಪಕ್ಕದ ಕೋಣೆಯೊಳಗಿಂದ, ಅದರಾಚೆಯ ಕೋಣೆಯೊಳಗಿಂದ, ಇಡೀ ಸಾಲಿನಿಂದ ಅದೇ ಸದ್ದು ಬರುತ್ತಿತ್ತು.

ಮೆಟ್ಟಿಲ ತಲೆಯಲ್ಲಿ ಬೀಗದಪ್ಪ ಎರಡು ಕೈ ಅಗಲಿಸಿ ನಿಂತಿದ್ದ.

"ಇಳಿಸ್ರೋ. ಇಲ್ಲಿಗೆ ತರಬೇಡಿ. ಸಾಹೇಬ್ರಿದ್ದಾರೆ ಅಂತ ಬುದ್ಧಿ ಬೇಡ್ವಾ?"

"ದಾರಿ ಬಿಡೋ ಬೋಳಿಮಗನೇ," ಎಂದರು ಅತ್ತೆ, ಬೋರ್ಡಿನ ಮೇಲೆ ಅಂಗಾತ ಮಲಗಿ, ಹಲ್ಲು ಕಟಕಟ ಅನ್ನುತ್ತಾ. "ಸಿಂಹಾಸನ ಬರ್ತಿದೆ."

ನನ್ನ ಗಂಡ ಮುಂದೆ ನುಗ್ಗಿದ. ಮೂಟೆ ಹೊರುವಾಗ ಎದುರು ಬಂದವರನ್ನು ಹೇಗೆ ಹೆಗಲಲ್ಲಿ ತಳ್ಳುತ್ತಾನೋ ಹಾಗೆ ತಳ್ಳಿದ. ಬೀಗದಪ್ಪ ಗೋಡೆಗೆ ಅಂಟಿಕೊಂಡ. ನಮ್ಮ ಹಿಂದೆ ಸಾಲಿನ ಹೆಂಗಸರೂ ಗಂಡಸರೂ ಒಬ್ಬೊಬ್ಬರಾಗಿ ಹತ್ತಿ ಬಂದರು. ಕೆಳಗೆ ನಿಲ್ಲಲು ನೆಲವೇ ಉಳಿದಿರಲಿಲ್ಲ.

ಹಜಾರದ ನಡುವೆ, ಟಾರ್ಪಾಲು ಎಳೆದುಹಾಕಿ, ಒಣ ಮೂಟೆಗಳ ಮೇಲೆ ಬೋರ್ಡನ್ನು ಇಳಿಸಿದೆವು. ಸಾಹೇಬರು ಎದ್ದು ನಿಂತಿದ್ದರು, ಪೆನ್ನು ಕೈಯಲ್ಲೇ ಇತ್ತು. ಅತ್ತೆಯ ಒದ್ದೆ ತಲೆಯ ಮೇಲ್ಗಡೆ 'ಈ ಗೆರೆಯ' ಕಾಣುತ್ತಿತ್ತು, ಜೀವವಿಲ್ಲದ ಕಾಲುಗಳ ಪಕ್ಕ 'ನಿಷಿದ್ಧ' ಕಾಣುತ್ತಿತ್ತು. ನಡುವಿನದು ಅವರ ಮೈ ಕೆಳಗೆ ಹೋಗಿತ್ತು. ಸಾಹೇಬರು ಓದಿದರು. ಧಣಿಯ ಕಡೆ ನೋಡಿದರು. ಧಣಿ ಕನ್ನಡಕ ಒರೆಸುತ್ತಿದ್ದರು.

ಆಗ ನೆಲ ನಡುಗಿತು.

ಕೆಳಗೆ ಎಲ್ಲೋ, ಸಾಲಿನ ಆ ತುದಿಯಲ್ಲಿ, ಢಬ್ಬೆಂದು ಏನೋ ಬಿತ್ತು. ಮೇಜಿನ ಮೇಲಿದ್ದ ಚಹಾ ಲೋಟ ಸರಿದು ತುದಿಗೆ ಬಂದು ನಿಂತಿತು. ಸಾಹೇಬರು ಕಿಟಕಿಗೆ ಓಡಿದರು. ಅಂಗಳದಲ್ಲಿ ಅವರ ಕಾರಿನ ಮೇಲ್ಚಾವಣಿ ಮಾತ್ರ ಕಾಣುತ್ತಿತ್ತು. ರಸ್ತೆಯಿದ್ದ ಕಡೆ ಹೊಳೆಯಿತ್ತು. ಅವರು ತಿರುಗಿದಾಗ ಅವರ ಮುಖ ನಮ್ಮ ಮುಖಗಳ ಹಾಗೇ ಆಗಿತ್ತು.

"ಬಿರಡೆ ತೆಗೆಸಿದ್ರಾ? ಎಲ್ಲಾ ಕೋಣೇದೂ?"

ಬೀಗದಪ್ಪ ಧಣಿಯ ಮುಖ ನೋಡಿದ.

"ನಮ್ಮ ಕೋಣೇದು ಮಾತ್ರ," ಅಂದೆ ನಾನು.

"ತೆಗೀಬೇಕು. ಈಗಲೇ. ಗೋಡೆ ಒಂದೊಂದೇ ಹೋಗ್ತಾ ಬಂದ್ರೆ ಕಂಬ ತಡೆಯಲ್ಲ. ನಾವೆಲ್ಲ ಇದರ ಮೇಲೇ ನಿಂತಿದ್ದೀವಿ."

"ಯಾರಾದ್ರೂ ಇಳೀರಿ," ಎಂದರು ಧಣಿ. ಆ ಮನುಷ್ಯ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬೀಗದಪ್ಪ ನನ್ನ ಕಡೆ ಬೆರಳು ತೋರಿಸಿದ. "ಇವಳೇ ಸಾರ್ ಹೊಲಿದಿದ್ದು. ಎಲ್ಲೆಲ್ಲಿದೆ ಅಂತ ಇವಳಿಗೇ ಗೊತ್ತು. ಇಳಿಯೇ, ಏನ್ ನೋಡ್ತಿದ್ದೀಯ? ಗಂಡನ್ನೂ ಕರ್ಕೊಂಡು ಇಳಿ."

ಇಳಿಯುವವಳೇ ಇದ್ದೆ. ನಿಜ ಹೇಳುತ್ತೇನೆ, ಕೊಕ್ಕೆ ಕೈಯಲ್ಲೇ ಇತ್ತು, ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಹೋಗು ಅಂದಾಗ ಹೋಗುವ ಕಾಲು. ಅತ್ತೆ ನನ್ನ ಸೆರಗು ಹಿಡಿದರು. ಬೆಳಿಗ್ಗೆ ಹಿಡಿದಿದ್ದರಲ್ಲ, ಹಾಗೆಯೇ. ಬಾಗಿಲಿಂದ ನೋಡಿದರೆ ಮೆಟ್ಟಿಲ ಕೆಳಗೆ ನೀಲಿ ಗೆರೆ ಕಾಣುತ್ತದೆ. ಅದಕ್ಕೂ ನೀರಿಗೂ ನಡುವೆ ಒಂದು ಮೊಳ ಉಳಿದಿತ್ತು.

ನಾನು ಮೇಜಿನ ಹತ್ತಿರ ಹೋದೆ. ಸಾಹೇಬರು ಬರೆದ ಹಾಳೆ ಅಲ್ಲೇ ಬಿದ್ದಿತ್ತು. ಕೊಕ್ಕೆಯನ್ನು ಅದರ ಮೇಲೆ ಇಟ್ಟೆ. ಕೆಸರು ನೀರು ಹಾಳೆಯ ಮೇಲೆ ಹರಡಿತು.

"ಕೆಳಗೆ ಯಾರೂ ಇಲ್ಲ ಅಂತ ಬರ್ದಿದ್ದೀರಲ್ಲ ಸ್ವಾಮಿ," ಅಂದೆ. "ಧಣೀನೂ ಅದನ್ನೇ ಹೇಳಿದ್ರು. ಇಲ್ಲದೋರನ್ನ ಹೆಂಗೆ ಇಳಿಸ್ತೀರಿ?"

ವಾಪಸು ಬಂದು ಅತ್ತೆಯ ಪಕ್ಕ ಮೂಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಗಂಡ ಬಂದು ಕೂತ. ಮೂಲೆ ಕೋಣೆಯ ಅಕ್ಕ ಕೂತಳು. ಒಬ್ಬೊಬ್ಬರಾಗಿ ಸಾಲಿನವರೆಲ್ಲ ಕೂತರು, ಒದ್ದೆ ಬಟ್ಟೆಯಲ್ಲಿ, ಧಣಿಯ ಒಣ ಮೂಟೆಗಳ ಮೇಲೆ. ನಿಂತವರು ಮೂವರೇ.

ಸಾಹೇಬರು ಕೊಕ್ಕೆಯನ್ನು ನೋಡುತ್ತಿದ್ದರು. ಧಣಿ ಬೀಗದಪ್ಪನನ್ನು ನೋಡುತ್ತಿದ್ದರು. ಬೀಗದಪ್ಪ ಬಾಗಿಲಾಚೆಯ ಮೆಟ್ಟಿಲು ನೋಡುತ್ತಿದ್ದ, ಅವನ ಸೊಂಟದ ಕೀಲಿಗಳು ತಾವಾಗಿಯೇ ಸದ್ದು ಮಾಡುತ್ತಿದ್ದವು.

ಕೆಳಗೆ ಇನ್ನೊಂದು ಗೋಡೆ ಹೋಯಿತು, ಈ ಸಲ ನಮಗೆ ಹತ್ತಿರದಲ್ಲಿ. ಚಹಾದ ಲೋಟ ಮೇಜಿನಿಂದ ಬಿದ್ದು ಒಡೆಯಿತು. ಅತ್ತೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕೊಕ್ಕೆಯನ್ನು ಯಾರೂ ಮುಟ್ಟಿರಲಿಲ್ಲ.